ಪಿ.ಟಿ. ಮೇಷ್ಟ್ರಿಗೆ ಬಂದ ಪ್ರಶ್ನಾವಳಿ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗಿಗೆ ಬರುವವರು ಇನ್ನೂ ಮನೆಯಲ್ಲಿ ಮಫ್ಲರ್ ಹುಡುಕುತ್ತಿರುವ ಹೊತ್ತಿಗೆ ಮೈಸೂರಿನ ಕಾಲೇಜು ಮೈದಾನಗಳಲ್ಲಿ ಆಗಲೇ ಸೀಟಿಯ ಸದ್ದು ಕೇಳಿಸುತ್ತಿರುತ್ತದೆ. ಆ ಸೀಟಿ ಊದುವವರಿಗೆ ಕಾಲೇಜಿನ ದಾಖಲೆಯಲ್ಲಿ 'ದೈಹಿಕ ಶಿಕ್ಷಣ ನಿರ್ದೇಶಕರು' ಎಂದು ಹೆಸರು. ಹುಡುಗರಿಗೆ ಅವರು 'ಪಿ.ಡಿ. ಸಾರ್'. ಬೀದಿಯ ಜನಕ್ಕೆ ಮಾತ್ರ, ಅವರು ಪ್ರೈಮರಿ ಶಾಲೆಯಲ್ಲಿರಲಿ ಡಿಗ್ರಿ ಕಾಲೇಜಿನಲ್ಲಿರಲಿ, ಒಂದೇ ಹೆಸರು: 'ಪಿ.ಟಿ. ಮೇಷ್ಟ್ರು'.

ಅಂಥ ಒಬ್ಬ ಮೇಷ್ಟ್ರು ಮೈಸೂರಿನ ಒಂದು ಅನುದಾನಿತ ಕಾಲೇಜಿನಲ್ಲಿದ್ದಾರೆ. ಕಾಲೇಜಿನ ಹೆಸರು ಬೇಡ, ಮೇಷ್ಟ್ರ ಹೆಸರೂ ಬೇಡ. ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ಮೂವತ್ತು ವರ್ಷ ನಿರ್ದೇಶಕರಾಗಿ ಅವರು ನಿರ್ದೇಶಿಸಿದ್ದೇನು ಎಂದು ಕೇಳಿದರೆ ಪಟ್ಟಿ ಚಿಕ್ಕದು. ಮೆಟ್ಟಿಲ ಕೆಳಗಿನ ಒಂದು ಕೋಣೆ, ಬಾಗಿಲು ನೆಟ್ಟಗೆ ಮುಚ್ಚದ ಒಂದು ಕಬ್ಬಿಣದ ಬೀರು, ಚೆಂಡಿಗೆ ಗಾಳಿ ಹೊಡೆಯುವ ಒಂದು ಪಂಪು, ತೇಪೆ ಹಾಕಿದ ವಾಲಿಬಾಲ್ ನೆಟ್ಟು, ಅರ್ಧ ಮೂಟೆ ಸುಣ್ಣದ ಪುಡಿ. ಕೋಣೆಯ ಇನ್ನರ್ಧದಲ್ಲಿ ಹಳೆಯ ಉತ್ತರ ಪತ್ರಿಕೆಗಳ ಕಟ್ಟುಗಳು ಬಂದು ಕೂತು ಬಹಳ ವರ್ಷವಾಯಿತು. 'ಸದ್ಯಕ್ಕೆ ಇಲ್ಲಿರಲಿ ಮೇಷ್ಟ್ರೇ' ಎಂದು ತಂದಿಟ್ಟ ಪ್ರಿನ್ಸಿಪಾಲರು ನಿವೃತ್ತರಾಗಿ, ಅವರ ನಂತರದವರೂ ನಿವೃತ್ತರಾಗಿ, ಈಗ ಮೂರನೆಯವರು ಬಂದಿದ್ದಾರೆ. ಕಟ್ಟುಗಳು ಮಾತ್ರ ಅಲ್ಲೇ ಇವೆ.

ಈ ಕೋಣೆಗೆ ಹೋದ ತಿಂಗಳು ಮಾನಸಗಂಗೋತ್ರಿಯಿಂದ ಒಬ್ಬ ಹುಡುಗಿ ಬಂದಳು. ಪಿಎಚ್.ಡಿ. ಮಾಡುತ್ತಿದ್ದಾಳೆ. ಕಾಲೇಜು ಕ್ರೀಡಾ ತರಬೇತುದಾರರ ವೃತ್ತಿತೃಪ್ತಿ ಮತ್ತು ಅತೃಪ್ತಿ ಅವಳ ವಿಷಯ. ಕೈಯಲ್ಲಿ ನಲವತ್ತು ಪ್ರಶ್ನೆಗಳ ಒಂದು ಪ್ರಶ್ನಾವಳಿ. ಪ್ರತಿ ಪ್ರಶ್ನೆಗೂ ಐದು ಚೌಕಗಳು: ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಒಂದರಲ್ಲಿ ಟಿಕ್ ಹಾಕಿದರೆ ಆಯಿತು. 'ಹತ್ತು ನಿಮಿಷದ ಕೆಲಸ ಸಾರ್' ಎಂದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊದಲನೆಯ ಪ್ರಶ್ನೆ ಓದಿದರು. 'ನನ್ನ ಕೆಲಸದ ಬಗ್ಗೆ ನನಗೆ ತೃಪ್ತಿಯಿದೆ.' ಹತ್ತು ನಿಮಿಷ ಅಲ್ಲೇ ಮುಗಿಯಿತು. 'ಇಟ್ಟು ಹೋಗಮ್ಮ, ಒಂದು ವಾರ ಬಿಟ್ಟು ಬಾ' ಎಂದರು.

ಪಿ.ಟಿ. ಮೇಷ್ಟ್ರ ಕೆಲಸ ಯಾವುದು ಎಂಬುದೇ ಮೊದಲು ತೀರ್ಮಾನವಾಗಬೇಕಲ್ಲ. ಆಟ ಕಲಿಸುವುದು ಬೆಳಿಗ್ಗೆ ಎಂಟರ ಒಳಗೆ ಮತ್ತು ಸಂಜೆ ನಾಲ್ಕರ ಮೇಲೆ. ನಡುವಿನ ಹೊತ್ತಿನಲ್ಲಿ ಅವರು ಕಾಲೇಜಿನ ಆಸ್ತಿ. ಅಡ್ಮಿಶನ್ ದಿನಗಳಲ್ಲಿ ಕ್ಯೂ ನಿಲ್ಲಿಸುವವರು ಅವರು. ಆಗಸ್ಟ್ 15ಕ್ಕೆ ಧ್ವಜದ ಹಗ್ಗ ಸಿಕ್ಕು ಬಿಡಿಸುವವರು ಅವರು. ಕಾಲೇಜ್ ಡೇಗೆ ಮಂತ್ರಿಗಳು ಬಂದರೆ ಶಾಮಿಯಾನದ ಲೆಕ್ಕ, ಕುರ್ಚಿಯ ಲೆಕ್ಕ, ಗಲಾಟೆ ಮಾಡುವ ಹಿಂದಿನ ಬೆಂಚಿನವರ ಲೆಕ್ಕ ಎಲ್ಲ ಅವರದೇ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯಲು ಬೇರೆ ಲೆಕ್ಚರರಿಗೆ ಕಣ್ಣು ಸಾಲದಿದ್ದರೆ ಮೇಷ್ಟ್ರ ಕಣ್ಣು. ಕಾರಿಡಾರಿನಲ್ಲಿ ಇಬ್ಬರು ಹುಡುಗರು ಕಾಲರ್ ಹಿಡಿದುಕೊಂಡರೆ 'ಪಿ.ಡಿ.ಯವರನ್ನು ಕರೀರಿ'. ದೇಹ ಗಟ್ಟಿಯಿರುವವನಿಗೆ ಬೇರೆ ಯಾವ ಅರ್ಹತೆ ಬೇಕು?

ಸಂಬಳದ ಮಾತಿನಲ್ಲಿ ಅವರಿಗೆ ದೂರಿಲ್ಲ. 1996ರ ಯುಜಿಸಿ ವೇತನ ಶ್ರೇಣಿಯಲ್ಲಿ ಲೆಕ್ಚರರಿಗೂ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಒಂದೇ ಶ್ರೇಣಿ, 8000-13500. ಕಾಗದದ ಮೇಲೆ ಸಮಾನತೆ ಬಂದೇಬಿಟ್ಟಿತು. ಆದರೆ ಸ್ಟಾಫ್ ರೂಮಿನ ಕುರ್ಚಿಗಳಿಗೆ ಯುಜಿಸಿ ಆದೇಶ ಅಷ್ಟು ಬೇಗ ತಲುಪುವುದಿಲ್ಲ. 'ನಮಗೆ ವಾರಕ್ಕೆ ಹದಿನಾರು ಗಂಟೆ ಪಾಠ, ಇವರಿಗೆ ಚೆಂಡು ಕೊಡೋದು, ಇಸಕೊಳ್ಳೋದು' ಎಂಬ ಮಾತು ಕಾಫಿಯ ಜೊತೆ ಆಗಾಗ ಬರುತ್ತಿತ್ತು. ಒಂದು ವರ್ಷ ಕಾಲೇಜಿನ ಕ್ರೀಡಾಕೂಟಕ್ಕೆ ಮೇಷ್ಟ್ರು 400 ಮೀಟರ್ ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆಸುತ್ತಿದ್ದರು. ಗಣಿತದ ಲೆಕ್ಚರರು ಛತ್ರಿ ಹಿಡಿದು ನಿಂತು ನೋಡಿದರು. ಒಳಗಿನವನಿಗಿಂತ ಹೊರಗಿನವನನ್ನು ಮುಂದೆ ನಿಲ್ಲಿಸುವುದು ಯಾವ ನ್ಯಾಯ ಎಂದು ತಮಾಷೆ ಮಾಡಿದರು. ಮೇಷ್ಟ್ರು ಟೇಪು ಸುತ್ತುತ್ತಲೇ ಹೇಳಿದರು: ಲೇನಿನ ಅಗಲ 1.22 ಮೀಟರು. ತಿರುವು ಅರ್ಧ ವೃತ್ತ, ಹೊರಗೆ ಹೋದಷ್ಟೂ ಸುತ್ತು ದೊಡ್ಡದು. ಎರಡನೆಯ ಲೇನಿನವನು ಮೊದಲನೆಯವನಿಗಿಂತ 7.04 ಮೀಟರ್ ಮುಂದೆ, ಆಮೇಲೆ ಒಂದೊಂದು ಲೇನಿಗೂ ಇನ್ನೊಂದು 7.67. ಗಣಿತದವರು ಮನಸ್ಸಿನಲ್ಲೇ ಗುಣಿಸಿ ನೋಡಿದರು. ಎರಡು ಸಲ ಪೈ, ಗುಣಿಸು 1.22. ಸರಿಯಾಗಿತ್ತು. ಅಂದಿನಿಂದ ಅವರು ಸ್ಟಾಫ್ ರೂಮಿನಲ್ಲಿ ಮೇಷ್ಟ್ರಿಗೆ ತಮ್ಮ ಪಕ್ಕದ ಕುರ್ಚಿ ಹಿಡಿದಿಡತೊಡಗಿದರು. ಪ್ರಶ್ನಾವಳಿಯ 'ಸಹೋದ್ಯೋಗಿಗಳು ನನ್ನನ್ನು ಗೌರವಿಸುತ್ತಾರೆ' ಎಂಬ ಸಾಲಿಗೆ ಮೇಷ್ಟ್ರು 'ಒಪ್ಪುತ್ತೇನೆ' ಎಂದು ಟಿಕ್ ಹಾಕಿದ್ದು ಆ ಒಬ್ಬರನ್ನು ನೆನೆದು.

ಮೈಸೂರಿಗೆ ಗುರು ಹೊಸಬನಲ್ಲ. ಇಲ್ಲಿಯ ಗರಡಿಮನೆಗಳಲ್ಲಿ ಉಸ್ತಾದರಿಗೆ ವೇತನ ಶ್ರೇಣಿ ಎಂಬುದೇ ಇರಲಿಲ್ಲ. ಬೆಳಿಗ್ಗೆ ಗಂಗಡಿಕಾರನ ಮಗನೋ ಮಂಡಿಯ ಸಾಹುಕಾರನ ಮಗನೋ, ಕೆಮ್ಮಣ್ಣಿಗೆ ಇಳಿಯುವ ಮುಂಚೆ ಅವರ ಕಾಲು ಮುಟ್ಟಬೇಕು. ದಸರೆಯಲ್ಲಿ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ ನಡೆದಾಗ ಇಂದಿಗೂ ಪೈಲ್ವಾನನ ಹೆಸರಿನ ಜೊತೆ ಯಾವ ಗರಡಿ, ಯಾರ ಶಿಷ್ಯ ಎಂದು ಕೇಳುವವರಿದ್ದಾರೆ. ಕಾಲೇಜಿನ ಹುಡುಗ ಕಪ್ಪು ಗೆದ್ದರೆ ಯಾವ ಕಾಲೇಜು ಎಂದು ಕೇಳುತ್ತಾರೆ. ಯಾರ ಶಿಷ್ಯ ಎಂದು ಕೇಳುವವರು ಕಡಿಮೆ.

ಈ ವೃತ್ತಿಗೂ ಒಂದು ವಂಶವೃಕ್ಷವಿದೆ. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದರು. ದಕ್ಷಿಣದ ಹಳೆಯ ತಲೆಮಾರಿನ ಮೇಷ್ಟ್ರುಗಳಲ್ಲಿ ಅನೇಕರು ಅಲ್ಲಿ ಕಲಿತವರು. 1957ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ಕಾಲೇಜು ಬಂತು. 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಂದ ಮೇಲೆ 'ಕೋಚ್' ಎಂಬ ಬೇರೆಯ ಜಾತಿಯೇ ಹುಟ್ಟಿತು. ಒಬ್ಬರು ಒಂದೇ ಆಟದಲ್ಲಿ ಪಳಗಿದ ತಜ್ಞರು, ಇನ್ನೊಬ್ಬರು ಎಲ್ಲ ಹುಡುಗರಿಗೂ ಎಲ್ಲ ಆಟವನ್ನೂ ಅಷ್ಟಿಷ್ಟು ಕಲಿಸುವವರು. ಕಾಲೇಜಿನ ಮೇಷ್ಟ್ರು ಎರಡೂ ಆಗಬೇಕು. ಬೆಳಿಗ್ಗೆ ಕಬಡ್ಡಿಗೆ ಕೋಚು, ಸಂಜೆ ಶಟಲ್ ಕಾಕಿಗೆ ಕೋಚು, ನಡುವೆ ಚೆಸ್ ತಂಡಕ್ಕೆ ಮ್ಯಾನೇಜರು. ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ 1985ರಲ್ಲಿ ಶುರುವಾಯಿತು. ಪ್ರಶಸ್ತಿಗೆ ಆ ಹೆಸರಿಟ್ಟವರು ಏಕಲವ್ಯನ ಹೆಬ್ಬೆರಳನ್ನು ಮರೆತಿದ್ದರೋ ಏನೋ ಎಂದು ಮೇಷ್ಟ್ರು ಒಮ್ಮೊಮ್ಮೆ ಅನ್ನುವುದುಂಟು. ಆ ಮಾತು ಅವರು ನಗುತ್ತ ಆಡುವುದಿಲ್ಲ. ಯಾಕೆಂಬುದು ಮುಂದೆ ಬರುತ್ತದೆ.

ಆಡಳಿತ ಮಂಡಳಿಯವರಿಗೆ ಒಂದೇ ಆಸೆ. ಜಾವಗಲ್ ಶ್ರೀನಾಥ್ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1991ರಲ್ಲಿ ಭಾರತದ ಟೆಸ್ಟ್ ತಂಡ ಸೇರಿ, 236 ವಿಕೆಟ್ ತೆಗೆದಿದ್ದು ಊರಿಗೆಲ್ಲ ಹೆಮ್ಮೆ. ಆ ಹೆಮ್ಮೆಯ ಭಾರ ಮಾತ್ರ ಉಳಿದ ಕಾಲೇಜುಗಳ ಪಿ.ಟಿ. ಮೇಷ್ಟ್ರುಗಳ ಮೇಲೆ ಬಿತ್ತು. 'ಎಲ್ಲಿ ಸ್ವಾಮಿ, ನಮ್ಮ ಕಾಲೇಜಿಂದ ಒಬ್ಬ ಶ್ರೀನಾಥ್?' ಎಂದು ಕಾರ್ಯದರ್ಶಿಗಳು ವರ್ಷಕ್ಕೊಮ್ಮೆ ಕೇಳುವರು. ಮೇಷ್ಟ್ರು ನೆಟ್ಸಿಗೆ ಮ್ಯಾಟು ಕೇಳುವರು. ಎರಡು ಪ್ರಶ್ನೆಗಳಿಗೂ ಉತ್ತರ ಬರುತ್ತಿರಲಿಲ್ಲ.

ಮನೆಯಲ್ಲಿ ಬೇರೆ ಲೆಕ್ಕ. 'ಊರೋರ ಮಕ್ಕಳೆಲ್ಲ ಓಡಬೇಕು ಇವರಿಗೆ. ಸ್ವಂತ ಮಗ ಸೈಕಲ್ ಕಲಿತಿದ್ದು ಎದುರು ಮನೆಯವರ ಹತ್ತಿರ' ಎಂದು ಮೇಷ್ಟ್ರ ಹೆಂಡತಿ ಬಂದವರ ಮುಂದೆ ಹೇಳುತ್ತಾರೆ. ಭಾನುವಾರ ಪಂದ್ಯ, ದಸರೆಗೆ ಚಾಮುಂಡಿ ವಿಹಾರದಲ್ಲಿ ಕ್ರೀಡಾಕೂಟ, ಬೇಸಿಗೆಗೆ ಶಿಬಿರ. ಇಪ್ಪತ್ತೈದು ವರ್ಷ ಮೈಸೂರಿನಲ್ಲಿದ್ದೂ ಜಂಬೂಸವಾರಿಯನ್ನು ಗಂಡನ ಜೊತೆ ನಿಂತು ನೋಡಿದ್ದು ಒಂದೇ ಸಲವಂತೆ. ಪ್ರಶ್ನಾವಳಿಯಲ್ಲಿ 'ಕುಟುಂಬಕ್ಕೆ ಸಾಕಷ್ಟು ಸಮಯ ಸಿಗುತ್ತದೆ' ಎಂಬ ಸಾಲು ಬಂದಾಗ ಆಕೆಯೇ ಪೆನ್ನು ಇಸಕೊಂಡು ಐದನೆಯ ಚೌಕದಲ್ಲಿ ಟಿಕ್ ಹಾಕಿಬಿಟ್ಟರು.

ಹಾಗಾದರೆ ತೃಪ್ತಿಯೇ ಇಲ್ಲವೆ? ಅದೂ ಸುಳ್ಳು. ಹದಿನೈದು ವರ್ಷದ ಹಿಂದೆ ಹೆಗ್ಗಡದೇವನಕೋಟೆ ಕಡೆಯ ಒಬ್ಬ ಹುಡುಗಿ ಬಿ.ಎ.ಗೆ ಸೇರಿದ್ದಳು. ಖೋ ಖೋದಲ್ಲಿ ಅವಳು ಕಂಬ ತಿರುಗುವುದನ್ನು ನೋಡಿದ ದಿನ ಮೇಷ್ಟ್ರಿಗೆ ರಾತ್ರಿ ನಿದ್ದೆ ಬರಲಿಲ್ಲ. ಅಂತರ ವಿಶ್ವವಿದ್ಯಾನಿಲಯ ಪಂದ್ಯಕ್ಕೆ ಆಯ್ಕೆಯಾಗುವ ಹೊತ್ತಿಗೆ ಊರಿಂದ ಅಪ್ಪ ಬಂದು ಕರೆದುಕೊಂಡು ಹೋದ. ಮೇಷ್ಟ್ರು ಬಸ್ಸು ಹತ್ತಿ ಹಿಂದೆಯೇ ಹೋದರು. ಜಗಲಿಯ ಮೇಲೆ ಪಂಚಾಯಿತಿ. 'ಹೆಣ್ಮಗ ಚಡ್ಡಿ ಹಾಕ್ಕಂಡು ಓಡೋದಾ ಸಾ? ನಾಳೀಕೆ ಗಂಡು ಸಿಕ್ಕದು ಬ್ಯಾಡ್ವಾ?' ಎಂದು ಅಪ್ಪ. 'ಯಜಮಾನ್ರೇ, ಉದ್ದ ಪ್ಯಾಂಟು ಹಾಕ್ಕೊಂಡೇ ಓಡ್ಲಿ, ಓಡೋದು ಬಿಡಿಸಬೇಡಿ' ಎಂದು ಮೇಷ್ಟ್ರು. ಕೊನೆಗೆ ಬಾಗಿಲ ಸಂದಿಯಲ್ಲಿ ಕೂತಿದ್ದ ಅಜ್ಜಿ ಬಾಯಿಬಿಟ್ಟಳು. 'ನಾ ಎಮ್ಮೆ ಹಿಂದ್ಗಡೆ ಓಡ್ವಾಗ ಯಾರೂ ಏನೂ ಅನ್ನಿಲ್ಲ ಕಲಾ. ಈಗ ಇವಳು ಓಡುದ್ರೆ ಏನು ಹೋದದು?' ಅಲ್ಲಿಗೆ ತೀರ್ಪಾಯಿತು. ಆ ಹುಡುಗಿ ವಿಶ್ವವಿದ್ಯಾನಿಲಯಕ್ಕೆ ಆಡಿದಳು. ಇಂದು ಒಂದು ವಸತಿ ಶಾಲೆಯಲ್ಲಿ ಪಿ.ಟಿ. ಟೀಚರು. ಈಚೆಗೆ ಫೋನ್ ಮಾಡಿ, 'ಸಾರ್, ಆಟದ ಪಿರಿಯಡ್ಡು ಗಣಿತಕ್ಕೆ ಬಿಟ್ಟುಕೊಡಿ ಅಂತಾರೆ ಹೆಡ್ ಮೇಷ್ಟ್ರು, ಏನ್ ಮಾಡ್ಲಿ?' ಎಂದಳಂತೆ. ಮೇಷ್ಟ್ರು ಫೋನ್ ಹಿಡಿದೇ ಐದು ನಿಮಿಷ ನಕ್ಕರು. ಆ ಪ್ರಶ್ನೆ ಹಳೆಯ ಪರಿಚಯದ್ದು.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲಿನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಗೆದ್ದ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದಳು. ಅವಳು ಮೇಷ್ಟ್ರ ಶಿಷ್ಯೆಯಲ್ಲ. ಆದರೂ ಆ ಸಂಜೆ ಅವರು ಅಂಗಡಿಗೆ ಹೋಗಿ ಮೈಸೂರು ಪಾಕು ತಂದು ಬೀದಿಯ ಮಕ್ಕಳಿಗೆಲ್ಲ ಹಂಚಿದರು. ಹಳ್ಳಿಯ ಹುಡುಗಿ ಅಲ್ಲಿಯವರೆಗೆ ಓಡಬೇಕಾದರೆ ಹಿಂದೆ ಯಾರೋ ಒಬ್ಬರು ಮುಂಜಾನೆ ಎದ್ದು ಸುಣ್ಣದ ಗೆರೆ ಎಳೆದಿರಲೇಬೇಕು ಎಂಬುದು ಅವರಿಗೆ ಗೊತ್ತಿತ್ತು.

ವಾರ ಕಳೆದು ಸಂಶೋಧನೆಯ ಹುಡುಗಿ ಬಂದಾಗ ಪ್ರಶ್ನಾವಳಿ ಅರ್ಧ ಖಾಲಿ. 'ಒಂದೇ ದಿನ ಬೆಳಿಗ್ಗೆ ತೃಪ್ತಿ, ಮಧ್ಯಾಹ್ನ ಅತೃಪ್ತಿ. ಯಾವ ಚೌಕಕ್ಕೆ ಹಾಕಲಮ್ಮ?' ಎಂದರು ಮೇಷ್ಟ್ರು. ಅವಳು ತನ್ನ ಪುಸ್ತಕದ ಮಾತು ಹೇಳಿದಳು. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಿಟ್ಸ್‌ಬರ್ಗ್ ಕಡೆಯ ಇನ್ನೂರು ಚಿಲ್ಲರೆ ಎಂಜಿನಿಯರು ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಒಂದು ವಿಚಾರ ಮುಂದಿಟ್ಟ. ತೃಪ್ತಿ, ಅತೃಪ್ತಿ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ. ಅವು ಎರಡು ಬೇರೆ ಬೇರೆ ತಕ್ಕಡಿಗಳು. ಸಂಬಳ, ಮೇಲಧಿಕಾರಿ, ಕೋಣೆ, ಕುರ್ಚಿ ಇವು ಸರಿಯಿಲ್ಲದಿದ್ದರೆ ಅತೃಪ್ತಿ. ಸರಿಯಿದ್ದರೆ ಅತೃಪ್ತಿ ಹೋಗುತ್ತದೆ, ಅಷ್ಟೆ. ತೃಪ್ತಿ ಬರುವುದು ಕೆಲಸದ ಒಳಗಿನಿಂದ: ಸಾಧನೆ, ಮನ್ನಣೆ, ಜವಾಬ್ದಾರಿ. ಮೇಷ್ಟ್ರು ತಲೆದೂಗಿದರು. ಅಮೆರಿಕದ ಲೆಕ್ಕಿಗನಿಗೂ ಮೆಟ್ಟಿಲ ಕೆಳಗಿನ ಕೋಣೆ ಅರ್ಥವಾಗಿದೆಯಲ್ಲ ಎನಿಸಿತು. 'ಸರಿ. ಆದರೆ ಇನ್ನೊಂದಿದೆಯಲ್ಲಮ್ಮ. ತನ್ನ ಮೇಲೆ ತನಗೇ ಇರೋ ಅತೃಪ್ತಿ. ಅದಕ್ಕೆ ಪ್ರಶ್ನೆಯೇ ಇಲ್ಲವಲ್ಲ ಇದರಲ್ಲಿ?' ಎಂದರು. ಅವಳಲ್ಲಿ ಉತ್ತರವಿರಲಿಲ್ಲ.

ಅದೇ ದಿನ ಇನ್ನೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಕೊನೆಯ ವರ್ಷದ ಬಿ.ಎ. ಹುಡುಗಿ, ಕಾಲೇಜಿನ ವಾಲಿಬಾಲ್ ತಂಡದ ಕ್ಯಾಪ್ಟನ್. ಎರಡು ವರ್ಷದ ಬಿ.ಪಿ.ಎಡ್. ಕೋರ್ಸಿಗೆ ಅರ್ಜಿ ಹಾಕಬೇಕೆಂದಿದ್ದಾಳೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಕೂರು ಎನ್ನುತ್ತಿದ್ದಾರೆ. ಕಾಯಂ ಹುದ್ದೆಗಳು ಎಲ್ಲಿವೆ? ಹಳಬರು ನಿವೃತ್ತರಾದ ಕಡೆ ಅತಿಥಿಗಳೆಂದು ಕರೆದು ತಿಂಗಳುಗಟ್ಟಲೆ ಗೌರವಧನಕ್ಕೆ ಕಾಯಿಸುವ ಕತೆಗಳನ್ನು ಅವಳೂ ಕೇಳಿದ್ದಾಳೆ. 'ಸೇರ್ಲಾ ಬೇಡ್ವಾ ಸಾರ್? ನೀವು ಹೇಳಿದ ಹಾಗೆ' ಎಂದಳು.

ಚೌಕಕ್ಕೆ ಟಿಕ್ ಹಾಕುವ ಪ್ರಶ್ನೆ ಇದಲ್ಲ. ಒಂದು ಮಗುವಿನ ಜೀವನ. ಮೇಷ್ಟ್ರು ಅಂದು ಉತ್ತರ ಕೊಡಲಿಲ್ಲ. 'ನಾಳೆ ಕಾಲೇಜು ಮುಗಿಸಿ ಬಾ, ಒಬ್ಬರನ್ನು ನೋಡಿಕೊಂಡು ಬರೋಣ' ಎಂದರು.

ಮರುದಿನ ಅವಳನ್ನು ಅವರು ಕರೆದುಕೊಂಡು ಹೋಗಿದ್ದು ನಂಜನಗೂಡು ರಸ್ತೆಯ ಒಂದು ಟೈರು ಅಂಗಡಿಗೆ. ಮಾಲೀಕ ನಲವತ್ತು ದಾಟಿದವನು. ಎದ್ದು ಬರುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದ. 'ಸಾರ್! ಬನ್ನಿ ಸಾರ್' ಎಂದು ಬೆಂಚು ಒರೆಸಿದ. ಕಾಫಿಗೆ ಹುಡುಗನನ್ನು ಓಡಿಸಿದ.

ಮೇಷ್ಟ್ರು ಹುಡುಗಿಗೆ ಹೇಳತೊಡಗಿದರು. ಇಪ್ಪತ್ತೆರಡು ವರ್ಷದ ಹಿಂದೆ ಇವನು 400 ಮೀಟರ್ ಓಟಗಾರ. ಅಂತರ ಕಾಲೇಜು ಕೂಟದ ಕೊನೆಯ ದಿನ, ಸಮಗ್ರ ಪ್ರಶಸ್ತಿಗೆ ಕಾಲೇಜಿಗೆ ಬೇಕಾಗಿದ್ದು ಒಂದೇ ರಿಲೇ. ಬೆಳಿಗ್ಗೆಯ ಓಟದಲ್ಲಿಯೇ ಇವನ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿತ್ತು. ಮುಟ್ಟಿ ನೋಡಿದಾಗಲೇ ಮೇಷ್ಟ್ರಿಗೆ ಗೊತ್ತಾಗಿತ್ತು, ಇದು ಬರಿಯ ಸೆಳೆತವಲ್ಲ. ಪ್ರಿನ್ಸಿಪಾಲರು ಎರಡು ಸಲ ಬಂದು 'ಏನಂತೆ ಮೇಷ್ಟ್ರೇ?' ಎಂದು ವಿಚಾರಿಸಿದರು. ಓಡಿಸಿ ಎಂದು ಯಾರೂ ಹೇಳಲಿಲ್ಲ. ಮೇಷ್ಟ್ರು ಸ್ಪ್ರೇ ಹೊಡೆದರು, ಕ್ರೇಪ್ ಬ್ಯಾಂಡೇಜು ಸುತ್ತಿದರು, ಕೊನೆಯ ಸುತ್ತಿಗೆ ಇವನನ್ನೇ ನಿಲ್ಲಿಸಿದರು. ಗೆರೆ ದಾಟಿ ಬಿದ್ದವನು ಮತ್ತೆ ಟ್ರ್ಯಾಕಿಗೆ ಇಳಿಯಲಿಲ್ಲ. ಆ ಷೀಲ್ಡು ಇಂದಿಗೂ ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರುವಿನಲ್ಲಿದೆ. ಅವರು ಕರೆದಾಗಲೆಲ್ಲ ಮೇಷ್ಟ್ರು ಆ ಬೀರುವಿಗೆ ಬೆನ್ನು ಮಾಡಿ ಕೂರುತ್ತಾರೆ.

ಅಂಗಡಿಯವನಿಗೆ ಮುಜುಗರವಾಯಿತು. 'ಯಾಕೆ ಸಾರ್ ಹಳೇದೆಲ್ಲ? ಆ ಕಾಲೇಜಿನ ನಾಲ್ಕು ಜನದ ಮುಖ ನೋಡಿಯೇ ನನಗೆ ಬ್ಯಾಂಕಿನವರು ಸಾಲ ಕೊಟ್ಟಿದ್ದು. ಮತ್ತೆ ನೋಡಮ್ಮ, ಸಾರ್ ಅವತ್ತು ಬೇಡ ಅಂದಿದ್ರೂ ನಾನು ಓಡೇ ಓಡ್ತಿದ್ದೆ. ಆ ವಯಸ್ಸೇ ಹಾಗೆ' ಎಂದ.

'ಅದಕ್ಕೇ ಕಣಯ್ಯ' ಎಂದರು ಮೇಷ್ಟ್ರು, 'ಬೇಡ ಅನ್ನೋಕೆ ಅಲ್ಲಿ ಒಬ್ಬ ಮೇಷ್ಟ್ರು ಬೇಕಾಗಿದ್ದದ್ದು.'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಸ್ತೆಯಲ್ಲಿ ಲಾರಿಗಳು ಹೋದವು. ಕಾಫಿ ಬಂತು.

ಹಿಂದಿರುಗುವಾಗ ಮೇಷ್ಟ್ರು ಹುಡುಗಿಗೆ ತಮ್ಮ ಉತ್ತರ ಹೇಳಿದರು. ಕುರ್ಚಿ ಸಿಗದಿದ್ದರೆ ನಿಂತುಕೊಂಡೇ ಕೆಲಸ ಮಾಡಬಹುದು, ಅದು ಅಭ್ಯಾಸವಾಗುತ್ತದೆ. ಮೈದಾನ ಸಿಗದಿದ್ದರೆ ಜಗಳವಾಡು, ಸಂಬಳ ತಡವಾದರೆ ಹತ್ತು ಜನ ಸೇರಿ ಕೇಳಿ. ಬೆಳಗಿನ ಹೊತ್ತು ಒಂದು ಮಗು ನಿನ್ನೆ ಆಗದ್ದನ್ನು ಇವತ್ತು ಮಾಡಿ ನಿನ್ನ ಕಡೆ ತಿರುಗಿ ನೋಡುತ್ತದಲ್ಲ, ಅದಕ್ಕೆ ಬೇರೆ ಕೆಲಸದಲ್ಲಿ ಸಾಟಿ ಇದೆಯೋ ಇಲ್ಲವೋ, ಅವರು ಬೇರೆ ಕೆಲಸ ಮಾಡಿಲ್ಲ. ಆದರೆ ಯಾರೋ ಬಂದು ಬಾಗಿಲಲ್ಲಿ ನಿಂತು 'ಏನಂತೆ ಮೇಷ್ಟ್ರೇ?' ಎಂದು ಕೇಳುವ ದಿನ ಖಂಡಿತ ಬರುತ್ತದೆ. ಅವತ್ತು ಕೆಲಸ ಹೋದರೂ ಸರಿ, ಕಪ್ಪು ಹೋದರೂ ಸರಿ, ಬೇಡ ಎನ್ನುವ ಧೈರ್ಯ ನಿನಗೆ ಬರುತ್ತದೆ ಎನಿಸಿದರೆ ಸೇರು. ಇಲ್ಲವಾದರೆ ಬ್ಯಾಂಕು ಒಳ್ಳೆಯದು.

ಹುಡುಗಿ ಎರಡು ದಿನ ಯೋಚಿಸಿ ಅರ್ಜಿ ತುಂಬಿದಳು. ಅದರ ಮೇಲೆ ಮೇಷ್ಟ್ರ ಶಿಫಾರಸಿನ ಸಹಿಯೂ ಇದೆ.

ಪ್ರಶ್ನಾವಳಿಯನ್ನೂ ಅವರು ಕೊನೆಗೆ ಮುಗಿಸಿಕೊಟ್ಟರು. ಮೊದಲನೆಯ ಪ್ರಶ್ನೆಗೆ 'ಒಪ್ಪುತ್ತೇನೆ' ಎಂಬ ಚೌಕದಲ್ಲಿ ಟಿಕ್ ಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ 'ಒಂದು ದಿನ ಬಿಟ್ಟು' ಎಂದು ಬರೆದರು. ಸಂಶೋಧನೆಯ ಹುಡುಗಿ ಅದನ್ನು ಕಂಪ್ಯೂಟರಿಗೆ ಹೇಗೆ ಸೇರಿಸುವುದೆಂದು ತನ್ನ ಗೈಡನ್ನು ಕೇಳಲು ಹೋದಳು. ಅಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ಮೇಷ್ಟ್ರು ಬೀರುವಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿ, ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕೆ ಇಳಿದರು. ಒಬ್ಬ ಹುಡುಗ ಕುಂಟುತ್ತ ಬರುತ್ತಿದ್ದ. 'ಏನಿಲ್ಲ ಸಾರ್, ಆಡ್ತೀನಿ' ಎಂದ. 'ಕೂತ್ಕೋ' ಎಂದರು ಮೇಷ್ಟ್ರು.